ಎರೆ ಹೊಲದಲ್ಲಿ ಅಂಗೈ ಗಣಕ

ಬೈಲಹೊಂಗಲದ ಸುತ್ತಿನ ಕಬ್ಬಿನ ತೋಟಗಳಲ್ಲಿ ಬೋರ್‌ವೆಲ್ ಮಗ್ಗುಲಿನ ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದರೆ ದಪ್ಪ ವೈರು, ಮಸಿ ಹಿಡಿದ ಕಾಂಟ್ಯಾಕ್ಟರ್, ಮೂಲೆಯಲ್ಲಿ ಒಂದು ಹಲ್ಲಿ ಕಾಣುತ್ತವೆ. ಕೆಲವು ಡಬ್ಬಿಗಳಲ್ಲಿ ಇವುಗಳ ನಡುವೆ ಅಂಗೈಯಗಲದ ಒಂದು ಬೋರ್ಡೂ ಇರುತ್ತದೆ, ಅದರಲ್ಲೊಂದು ಸಿಮ್ ಕಾರ್ಡು. ತ್ರೀ ಫೇಸ್ ಕರೆಂಟ್ ಬಂತೇ, ಒಂದು ಫೇಸ್ ಕೈಕೊಟ್ಟಿತೇ, ಬೋರಿನಲ್ಲಿ ನೀರು ಮುಗಿದು ಮೋಟಾರು ಒಣಗಿ ತಿರುಗುತ್ತಿದೆಯೇ ಎಂದು ಅದು ನೋಡಿಕೊಳ್ಳುತ್ತದೆ. ನಡುರಾತ್ರಿ ಕರೆಂಟ್ ಬಂದರೆ ರೈತ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತ ಹೊಲಕ್ಕೆ ಹೋಗಬೇಕಿಲ್ಲ. ಊರಲ್ಲಿ ಇದರ ಹೆಸರು ‘ಮೊಬೈಲ್ ಸ್ಟಾರ್ಟರ್’. ಇದನ್ನು ಯಾರೂ ಕಂಪ್ಯೂಟರ್ ಎಂದು ಕರೆಯುವುದಿಲ್ಲ. ಆದರೆ ಒಳಗೆ ಪ್ರೊಸೆಸರ್ ಇದೆ, ನೆನಪಿದೆ, ಪ್ರೋಗ್ರಾಂ ಇದೆ. ಬೆಳಗಾವಿ ಜಿಲ್ಲೆಯ ಈ ಭಾಗದ ಹೊಲಗಳಿಗೆ ಸಣ್ಣ ಗಣಕ ಕಾಲಿಟ್ಟದ್ದು ಹೀಗೆ, ಸದ್ದಿಲ್ಲದೆ.

ಈಗಿನ ಚರ್ಚೆ ಅದರ ಮುಂದಿನದು. ಕೆಲವು ನೂರು ರೂಪಾಯಿಗೆ ಸಿಗುವ ಬೋರ್ಡು ತಂದು, ತಾವೇ ಜೋಡಿಸಿ, ತಾವೇ ಪ್ರೋಗ್ರಾಂ ಬರೆದು ಇಂಥವನ್ನು ಮಾಡಿಕೊಳ್ಳಬಹುದು ಎಂದಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ಏನನ್ನು ಮಾಡಬೇಕು? ಯಾರಿಗಾಗಿ? ಮಕ್ಕಳು ಕಲಿಯಲೆಂದೋ, ಹೊಲಕ್ಕೆಂದೋ, ಭಾಷೆಗೆಂದೋ, ಸ್ವಾವಲಂಬನೆಗೆಂದೋ? ಒಬ್ಬೊಬ್ಬರ ಉತ್ತರ ಒಂದೊಂದು. ಆ ಉತ್ತರಗಳನ್ನೆಲ್ಲ ಒಂದೆಡೆ ಇಟ್ಟು ನೋಡುವ ಪ್ರಯತ್ನವಿದು. ನೋಡುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿದ್ದೇನೆ: ಮಾಡಿದ್ದು ಕೆಟ್ಟರೆ ಬಿಚ್ಚಿ ನೋಡುವವರು ಯಾರು?

ಒಂದು ವಂಶಾವಳಿ

ಬಿಡಿಭಾಗ ತಂದು ಮನೆಯಲ್ಲೇ ಗಣಕ ಜೋಡಿಸುವ ಹುಚ್ಚು ಅಮೆರಿಕದಲ್ಲಿ ಹಬ್ಬಿದ್ದು 1975ರಲ್ಲಿ. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಜನವರಿ ಸಂಚಿಕೆಯ ಮುಖಪುಟದಲ್ಲಿ ಬಂದ ಆಲ್ಟೇರ್ 8800 ಕಿಟ್‌ಗೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಸ್ವಿಚ್ ಒತ್ತುವುದು, ದೀಪ ನೋಡುವುದು, ಅಷ್ಟೇ.

ನಮಗೆ ಹತ್ತಿರದ ಕೊಂಡಿ ಇಂಗ್ಲೆಂಡಿನದು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಶಾಲೆಗಳಿಗಾಗಿ ‘ಬಿಬಿಸಿ ಮೈಕ್ರೋ’ ತಂದಿತು. ಭಾರತ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆ ಆರಂಭಿಸಿ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಾಗ ಆರಿಸಿದ್ದು ಇದೇ ಯಂತ್ರವನ್ನು. 1985ರಲ್ಲಿ ಅದೇ ಏಕಾರ್ನ್ ಕಂಪನಿ ‘ಆರ್ಮ್’ ಪ್ರೊಸೆಸರ್ ರೂಪಿಸಿತು. ಕಡಿಮೆ ಕರೆಂಟಿನಲ್ಲಿ ಓಡುವ ಆ ವಿನ್ಯಾಸದ ಸಂತತಿ ಇಂದು ನಮ್ಮ ಮೊಬೈಲಿನಲ್ಲಿದೆ.

ಬೆಂಗಳೂರಿನಲ್ಲಿ ಹುಟ್ಟಿದ ‘ಸಿಂಪ್ಯೂಟರ್’ ಕೂಡ ಆರ್ಮ್ ಕುಲದ್ದೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯುವ ಗಾತ್ರ, ಲಿನಕ್ಸ್, ಸ್ಮಾರ್ಟ್ ಕಾರ್ಡ್. ಓದಲು ಬಾರದವರಿಗೂ ಆಗಲಿ ಎಂದು ಕನ್ನಡ ಮೊದಲಾದ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶ. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲಿ ಎಂಬುದು ಅದರ ಹಿಂದಿನ ಕನಸು. 2004ರಲ್ಲಿ ಮಾರುಕಟ್ಟೆಗೆ ಬಂತು. ಆ ಹೊತ್ತಿಗೆ ಮೊಬೈಲ್ ಫೋನ್ ಅಗ್ಗವಾಗತೊಡಗಿತ್ತು. ಸಿಂಪ್ಯೂಟರ್ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ.

ಮರುವರ್ಷ, ಅಂದರೆ 2005ರಲ್ಲಿ, ಇಟಲಿಯ ಇವ್ರೆಯಾದಲ್ಲಿ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ‘ಆರ್ಡುಯಿನೋ’ ಹುಟ್ಟಿತು. 2012ರ ಫೆಬ್ರವರಿ 29ರಂದು ಕೇಂಬ್ರಿಜ್‌ನಿಂದಲೇ 35 ಡಾಲರಿನ ‘ರಾಸ್ಪ್‌ಬೆರಿ ಪೈ’ ಬಂತು. ಅದರ ‘ಮಾಡೆಲ್ ಬಿ’ ಎಂಬ ಹೆಸರು ಹಳೆಯ ಬಿಬಿಸಿ ಮೈಕ್ರೋದ ನೆನಪಿಗೆ ಇಟ್ಟದ್ದು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ವೈ-ಫೈ ಚಿಪ್ಪು, 2016ರಲ್ಲಿ ಅದರ ತಮ್ಮ ಇಎಸ್‌ಪಿ32, 2021ರಲ್ಲಿ 4 ಡಾಲರಿನ ‘ಪೈ ಪಿಕೋ’. ಬೆಲೆ ಇಳಿಯುತ್ತ ಇಳಿಯುತ್ತ ಇವು ಹುಬ್ಬಳ್ಳಿ, ಬೆಳಗಾವಿಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಕಪಾಟಿಗೂ ಬಂದವು.

ಮೊದಲ ಪಂಥ: ಮಾಡಿ ಕಲಿ

ಈ ಪಂಥದ ಗುರು ಸೀಮೂರ್ ಪೇಪರ್ಟ್. 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಅವರು ಮಂಡಿಸಿದ ವಾದದ ತಿರುಳು ಇಷ್ಟು: ಕಂಪ್ಯೂಟರ್ ಮಗುವಿಗೆ ಪಾಠ ಹೇಳುವುದಲ್ಲ, ಮಗು ಕಂಪ್ಯೂಟರಿಗೆ ಪಾಠ ಹೇಳಬೇಕು. ನೀತಿ ಆಯೋಗ 2016ರಿಂದ ಕೊಡುತ್ತ ಬಂದ ಅಟಲ್ ಟಿಂಕರಿಂಗ್ ಲ್ಯಾಬುಗಳು ಇದೇ ನಂಬಿಕೆಯ ಕೂಸು. ಒಂದು ಶಾಲೆಗೆ 20 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಉಪಕರಣಕ್ಕೆ, ಉಳಿದರ್ಧ ಐದು ವರ್ಷದ ಖರ್ಚಿಗೆ. 2025ರ ಹೊತ್ತಿಗೆ ದೇಶದ ಸುಮಾರು 10 ಸಾವಿರ ಶಾಲೆಗಳಲ್ಲಿ ಇಂಥ ಲ್ಯಾಬುಗಳಿದ್ದವು. 2025ರ ಕೇಂದ್ರ ಬಜೆಟ್ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50 ಸಾವಿರ ಕೊಡುವುದಾಗಿ ಹೇಳಿದೆ.

ಈ ಪಂಥಕ್ಕೆ ಒಗ್ಗುವ ಒಂದು ಪ್ರಾಜೆಕ್ಟನ್ನು ಹತ್ತಿರದಿಂದ ನೋಡೋಣ. ಮಳೆಮಾಪಕ. ಒಂದು ಆಲಿಕೆ, ಅದರ ಕೆಳಗೆ ತಕ್ಕಡಿಯಂತೆ ಈಚೆಗೊಮ್ಮೆ ಆಚೆಗೊಮ್ಮೆ ಬಾಗುವ ಜೋಡಿ ಬಟ್ಟಲು, ಅದಕ್ಕೊಂದು ಪುಟ್ಟ ಅಯಸ್ಕಾಂತ, ಪಕ್ಕದಲ್ಲಿ ಅಯಸ್ಕಾಂತ ದಾಟಿದಾಗ ಒಮ್ಮೆ ಕೂಡಿ ಬಿಡುವ ರೀಡ್ ಸ್ವಿಚ್ಚು. ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಬೋರ್ಡು ‘ಒಂದು’ ಎಂದು ಎಣಿಸುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಮಳೆ ಎಂದಾಗಬೇಕಾದರೆ ಬಟ್ಟಲು ಎಷ್ಟು ನೀರಿಗೆ ಮಗುಚಬೇಕು? ಆಲಿಕೆಯ ಬಾಯಿ 20 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ.; ಅದನ್ನು 0.02ರಿಂದ ಗುಣಿಸಿದರೆ ಸುಮಾರು 6.3 ಮಿ.ಲೀ. ಔಷಧಿಯ ಸಿರಿಂಜಿನಿಂದ ನೀರು ಹನಿಸುತ್ತ, ಬಟ್ಟಲಿನ ಕೆಳಗಿನ ತಿರುಪನ್ನು ಬಿಗಿಮಾಡಿ ಸಡಿಲಿಸಿ ಹದಕ್ಕೆ ತರುವ ಎಂಟನೆಯ ಇಯತ್ತೆಯ ಹುಡುಗಿಗೆ ವೃತ್ತದ ವಿಸ್ತೀರ್ಣದ ಸೂತ್ರ ಮರೆಯುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಹೇಳಿದ್ದಕ್ಕೂ ತನ್ನದು ಹೇಳಿದ್ದಕ್ಕೂ ಏಕೆ ವ್ಯತ್ಯಾಸ ಬಂತು ಎಂದು ಅವಳು ಕೇಳಿದ ದಿನ ವಿಜ್ಞಾನ ಶುರುವಾಯಿತೆಂದು ಲೆಕ್ಕ.

ಈ ಪಂಥ ವಿವರಿಸಲಾರದ ಸಂಗತಿಯೂ ಇದೆ. ಕಿಟ್ಟಿನ ಜೊತೆ ಬಂದ ಕೈಪಿಡಿಯನ್ನೇ ನೋಡಿ ಜೋಡಿಸಿ, ಪ್ರದರ್ಶನದ ದಿನ ದೀಪ ಮಿನುಗಿಸಿ, ಮರುದಿನ ಬಿಚ್ಚಿ ಪೆಟ್ಟಿಗೆಗೆ ಹಾಕಿದರೆ ಕಲಿತದ್ದೆಷ್ಟು? ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟು ರೆಡಿಮೇಡ್ ಸಿಗುವ ಕಾಲವಿದು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತ ಬಂದಿದೆ. ಅಂಕ ಬಂದ ಮೇಲೂ ಉಳಿದು ಬಳಕೆಯಾಗುವ ಪ್ರಾಜೆಕ್ಟು ಅಪರೂಪ ಎಂಬ ಕೊರಗು ಮಾತ್ರ ಹಾಗೇ ಇದೆ.

ಎರಡನೆಯ ಪಂಥ: ಹೊಲ ಮೊದಲು

ಈ ಪಂಥದವರು ಕಲಿಕೆಯ ಮಾತನ್ನು ಬದಿಗಿಟ್ಟು ಕೇಳುವುದು ಒಂದೇ: ಇದರಿಂದ ಯಾರ ಯಾವ ತ್ರಾಸು ತಪ್ಪುತ್ತದೆ? ಇದರ ಹಿರಿಯರೂ ಬೆಂಗಳೂರಿನಲ್ಲೇ ಇದ್ದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಹಳ್ಳಿಯ ಒಲೆಯನ್ನೂ ಗೋಬರ್ ಗ್ಯಾಸನ್ನೂ ಸಂಶೋಧನೆಯ ವಿಷಯವಾಗಿಸಿತು. ಪಂಪ್‌ಸೆಟ್ಟಿಗೆ ಫೋನನ್ನು ಜೋಡಿಸಿದ ಪುಣೆಯ ಸಂತೋಷ ಓಸ್ತ್ವಾಲ್ ಅವರ ‘ನ್ಯಾನೋ ಗಣೇಶ್’, ಬೆಂಗಳೂರಿನ ‘ಕಿಸಾನ್ ರಾಜಾ’ ಇದೇ ದಾರಿಯವು.

ಮೊಬೈಲ್ ಸ್ಟಾರ್ಟರನ್ನು ಸ್ವತಃ ಮಾಡಹೊರಟವರು ಮೊದಲು ತಿಳಿಯಬೇಕಾದದ್ದು ಜೀವದ ಮಾತು. ಹವ್ಯಾಸಿಗಳ ರಿಲೇ ಬೋರ್ಡಿನ ಮೇಲೆ ‘10 ಆಂಪಿಯರ್’ ಎಂದು ಬರೆದಿರುತ್ತದೆ. 5 ಎಚ್‌ಪಿ ಮೋಟಾರು ಓಡುವಾಗ ಫೇಸಿಗೆ ಏಳೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ, ಹೊರಡುವಾಗ ಅದರ ಆರು ಪಟ್ಟು. ಆದ್ದರಿಂದ ಬೋರ್ಡು ಮೋಟಾರನ್ನು ನೇರವಾಗಿ ಮುಟ್ಟಕೂಡದು. ಅದು ಕಾಂಟ್ಯಾಕ್ಟರಿನ ಸುರುಳಿಗಷ್ಟೇ ಕರೆಂಟ್ ಕೊಡಬೇಕು, ಭಾರದ ಕೆಲಸ ಕಾಂಟ್ಯಾಕ್ಟರಿನದು. 415 ವೋಲ್ಟಿನ ಕೆಲಸವನ್ನು ಲೈಸೆನ್ಸಿರುವ ವೈರ್‌ಮನ್ ಕೈಗೇ ಬಿಡಬೇಕು.

ಎರಡನೆಯದು ನೆರೆಹೊರೆಯ ಮಾತು. 63 ಕೆವಿಎ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಹತ್ತು 5 ಎಚ್‌ಪಿ ಪಂಪುಗಳಿವೆ ಎನ್ನೋಣ. ಎಲ್ಲ ಒಟ್ಟಿಗೆ ಓಡಿದರೆ ಸುಮಾರು 75 ಆಂಪಿಯರ್. ಟಿಸಿ ತಡೆಯುತ್ತದೆ, ಅದರ ಶಕ್ತಿ ಸುಮಾರು 85. ಆದರೆ ಕರೆಂಟ್ ಬಂದ ಕ್ಷಣವೇ ಹತ್ತೂ ಆಟೋ ಸ್ಟಾರ್ಟರುಗಳು ಒಟ್ಟಿಗೆ ಎದ್ದರೆ 450 ಆಂಪಿಯರ್! ‘ನಂದು ಚಾಲೂ ಆದ್ರ ಸಾಕು’ ಎಂದು ಹತ್ತು ಮಂದಿ ಅಂದುಕೊಂಡರೆ ಟಿಸಿಯ ಗತಿ ಏನು? ವಿದ್ಯುತ್ ಕಂಪನಿಗಳಿಗೆ ಆಟೋ ಸ್ಟಾರ್ಟರ್ ಕಂಡರಾಗದ್ದು ಸುಮ್ಮನಲ್ಲ. ಮದ್ದು ಪ್ರೋಗ್ರಾಮಿನ ಒಂದು ಸಾಲಿನಲ್ಲಿದೆ: ಕರೆಂಟ್ ಬಂದ ಮೇಲೆ ಒಂದರಿಂದ ಹತ್ತು ನಿಮಿಷದೊಳಗೆ ಯಾವುದೋ ಒಂದು ಗಳಿಗೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ಹೊರಡು. ಆದರೆ ಅಂಗಡಿಯಿಂದ ತಂದ ಮುಚ್ಚಿದ ಪೆಟ್ಟಿಗೆಯೊಳಗೆ ಆ ಸಾಲು ಇಲ್ಲದಿದ್ದರೆ ನಾವದನ್ನು ಸೇರಿಸಲಾರೆವು. ತಾನೇ ಮಾಡಿಕೊಂಡವನು ಸೇರಿಸಬಲ್ಲ.

ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟು ಇನ್ನೊಂದು ಪಾಠ. ಎಲ್ಲ ಕೈಪಿಡಿಗಳಲ್ಲೂ ಇರುವ, ಎಲ್ಲಕ್ಕಿಂತ ಸುಲಭವೆಂದು ಹೇಳಲಾಗುವ ಪ್ರಾಜೆಕ್ಟಿದು. ಎರಡು ಕಾಲಿನ ಅಗ್ಗದ ಸೆನ್ಸರನ್ನು ನೆಲದಲ್ಲಿ ನೆಟ್ಟು ಕರೆಂಟ್ ಹರಿಯಬಿಟ್ಟರೆ ಕೆಲವೇ ವಾರಗಳಲ್ಲಿ ಅದರ ಲೋಹ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಬಾಳಿಕೆ ಬರುತ್ತದೆ. ಆದರೂ ಬೈಲಹೊಂಗಲ, ಸವದತ್ತಿಯ ಎರೆ ನೆಲ ಅದನ್ನು ಯಾಮಾರಿಸುತ್ತದೆ. ಎರೆ ಒಣಗುತ್ತ ಕುಗ್ಗಿ ಬಾಯಿ ಬಿಡುತ್ತದೆ. ಸೆನ್ಸರಿನ ಸುತ್ತ ಬಿರುಕು ಬಂತೆಂದರೆ ಅದು ಅಳೆಯುವುದು ಮಣ್ಣನ್ನಲ್ಲ, ಗಾಳಿಯನ್ನು. ಗೇಣು ಆಚೆ ಬೇರಿಗೆ ಬೇಕಾದಷ್ಟು ತೇವ ಇದ್ದರೂ ‘ಒಣಗಿದೆ’ ಎಂದು ವರದಿ ಹೋಗುತ್ತದೆ, ಪಂಪು ಓಡುತ್ತದೆ. ಎರೆಯಲ್ಲಿ ಹೆಚ್ಚಾದ ನೀರು ಜವಳನ್ನು ತರುತ್ತದೆ ಎಂದು ಮಲಪ್ರಭೆಯ ಅಚ್ಚುಕಟ್ಟಿನವರಿಗೆ ಹೇಳಿಕೊಡಬೇಕಿಲ್ಲ. ಕೆಂಪು ಮಣ್ಣಿಗೆ ಬರೆದ ಪ್ರೋಗ್ರಾಂ ಎರೆಗೆ ನಡೆಯದು.

ನದಿಯದು ಇನ್ನೂ ಸೂಕ್ಷ್ಮ. ನವಿಲುತೀರ್ಥದ ರೇಣುಕಾಸಾಗರಕ್ಕೆ ಹಿಡಿಯುವುದು 37.73 ಟಿಎಂಸಿ. 2019ರ ಆಗಸ್ಟಿನಲ್ಲಿ ಅದು ತುಂಬಿ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳಿಗೆ ನೀರು ನುಗ್ಗಿತು. ಸೇತುವೆಗೆ ನೀರಿನ ಮಟ್ಟ ಅಳೆಯುವ ಶ್ರವಣಾತೀತ ಸೆನ್ಸರ್ ಕಟ್ಟಿ, ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ಲೋರಾ ರೇಡಿಯೋದಲ್ಲಿ ಊರಿಗೆ ಸುದ್ದಿ ಕಳಿಸುವ ಯೋಚನೆ ಯಾರಿಗಾದರೂ ಬರುತ್ತದೆ. ಭಾರತದಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸಣ್ಣ ಶಕ್ತಿಯ ರೇಡಿಯೋಗೆ ಲೈಸೆನ್ಸು ಬೇಕಿಲ್ಲ. ತಂತ್ರ ಸುಲಭ, ಹೊಣೆ ಸುಲಭವಲ್ಲ. ತೇಲಿಬಂದ ಮುಳ್ಳುಕಂಟಿಯನ್ನು ಪ್ರವಾಹವೆಂದು ತಿಳಿದು ಎರಡು ಸಲ ಗಂಟೆ ಬಾರಿಸಿದರೆ ಮೂರನೆಯ ಸಲ ಯಾರೂ ಏಳುವುದಿಲ್ಲ.

ಮೂರನೆಯ ಪಂಥ: ಭಾಷೆ ಮತ್ತು ಕಸುಬು

ಹದಿನಾರು ಅಕ್ಷರದ ಎರಡು ಸಾಲಿನ ಹಸಿರು ಪರದೆ ಈ ಲೋಕದ ಪರಿಚಿತ ಮುಖ. ಅದರ ಒಂದೊಂದು ಮನೆಯಲ್ಲಿ ಅಡ್ಡ 5, ಉದ್ದ 8 ಚುಕ್ಕಿ. ಇಂಗ್ಲಿಷಿಗೆ ಸಾಕು. ನಾವೇ ರಚಿಸಿಕೊಳ್ಳಲು ಅದು ಕೊಡುವುದು ಎಂಟು ಅಕ್ಷರಗಳನ್ನು ಮಾತ್ರ. ‘ಕಿತ್ತೂರು’ ಎಂದು ಅದರಲ್ಲಿ ಬರೆಯಲು ಕೂತರೆ ತಕಾರದ ಒತ್ತಿಗೆ ಕೆಳಗೆ ಜಾಗವಿಲ್ಲ, ದೀರ್ಘಕ್ಕೆ ಪಕ್ಕದಲ್ಲಿ ಜಾಗವಿಲ್ಲ. ನಮ್ಮ ಲಿಪಿ ಈ ಯಂತ್ರದ ಲೆಕ್ಕದಲ್ಲೇ ಇರಲಿಲ್ಲ ಎಂಬುದು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ದಾರಿ ಎರಡಿವೆ. ಚುಕ್ಕಿಗಳನ್ನು ಬೇಕಾದಂತೆ ಇಡಬಲ್ಲ ಗ್ರಾಫಿಕ್ ಪರದೆ ತಂದು ಪದಗಳನ್ನು ಚಿತ್ರವಾಗಿ ಕೂರಿಸುವುದು ಒಂದು. ಪರದೆಯನ್ನೇ ಬಿಟ್ಟು ಮಾತಾಡಿಸುವುದು ಇನ್ನೊಂದು. ಮೆಮೊರಿ ಕಾರ್ಡಿನಿಂದ ಧ್ವನಿ ನುಡಿಸುವ ಅಗ್ಗದ ಮಾಡ್ಯೂಲಿಗೆ ಮನೆಯವರ ದನಿಯಲ್ಲೇ ‘ನೀರು ಮುಗದೈತಿ, ಮೋಟಾರ್ ಬಂದ್ ಮಾಡೀನಿ’ ಎಂದು ತುಂಬಿದರೆ ಅಜ್ಜಿಗೂ ತಿಳಿಯುತ್ತದೆ. ‘ಧ್ವನಿ’ ತಂತ್ರಾಂಶದವರು ಅಂದು ಹಿಡಿದದ್ದೂ ಇದೇ ದಾರಿ.

ಇದೇ ಪಂಥದ ಇನ್ನೊಂದು ಪ್ರಾಜೆಕ್ಟು ಪುಸ್ತಕಪೆಟ್ಟಿಗೆ. ಒಂದು ರಾಸ್ಪ್‌ಬೆರಿ ಪೈಗೆ ಕನ್ನಡ ವಿಕಿಪೀಡಿಯ, ಪಠ್ಯಪುಸ್ತಕ, ವಿಡಿಯೋ ಪಾಠಗಳನ್ನು ತುಂಬಿ ಶಾಲೆಯಲ್ಲಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಸುತ್ತಲಿನ ಫೋನು, ಟ್ಯಾಬುಗಳಿಗೆ ವೈ-ಫೈನಲ್ಲಿ ಉಣಬಡಿಸುತ್ತದೆ. ಕಿವಿಕ್ಸ್, ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶಗಳು ಇದಕ್ಕೆಂದೇ ಇವೆ. ಕರೆಂಟಿನ ಲೆಕ್ಕವೂ ಕೈಗೆಟಕುವಂಥದು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ. ಅರ್ಧ ಮಾತ್ರ ಬಳಸಿದರೂ, ನಷ್ಟ ಕಳೆದು, 3 ವ್ಯಾಟಿನ ಪೈ ಹತ್ತು-ಹನ್ನೆರಡು ಗಂಟೆ ನಡೆಯುತ್ತದೆ. ಒಂದು ಶಾಲೆಯ ದಿನಕ್ಕೆ ಧಾರಾಳ.

ರಾಮದುರ್ಗ, ಸುರೇಬಾನದ ಮಗ್ಗಗಳಿಗೆ ಬಂದರೆ ಚಕ್ರ ಒಂದು ಸುತ್ತು ತಿರುಗಿದಂತೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ತೂತಿನ ಕಾರ್ಡುಗಳಿಂದ ಹಾಸಿನ ಎಳೆ ಎತ್ತಿಸಿದ. ಆ ಕಾರ್ಡಿನ ಉಪಾಯವನ್ನೇ ಇಂಗ್ಲೆಂಡಿನ ಬ್ಯಾಬೇಜ್ ತಾನು ಕನಸು ಕಂಡ ಗಣಕಕ್ಕೆ ಎರವಲು ತಂದ. ಅಂದರೆ ಮಗ್ಗವೇ ಗಣಕದ ಅಜ್ಜಿ. ಈಗ ಕಾರ್ಡಿನ ಬದಲು ವಿದ್ಯುತ್ ಸುರುಳಿಗಳಿಂದ ಎಳೆ ಎತ್ತಿಸಬಹುದು. 240 ಕೊಕ್ಕೆಗಳ ಜಕಾರ್ಡಿಗೆ 240 ಸುರುಳಿ ಬೇಕು. ಎಂಟೆಂಟನ್ನು ಆಳುವ ಶಿಫ್ಟ್ ರಿಜಿಸ್ಟರ್ ಚಿಪ್ಪುಗಳಾದರೆ 30 ಸಾಕು, ಇವೆಲ್ಲವನ್ನೂ ಒಂದು ಪುಟ್ಟ ಬೋರ್ಡು ನಡೆಸುತ್ತದೆ. ಚಿಪ್ಪಿನ ಖರ್ಚು ಅಲ್ಪ, ಸುರುಳಿಗಳದ್ದು ಬಹಳ. ದಿನದ ಕೂಲಿಯ ಮೇಲೆ ನಿಂತ ನೇಕಾರ ಆ ಬಂಡವಾಳ ಹಾಕಿ ಹೊಸ ವಿನ್ಯಾಸ ನೇಯ್ದರೂ ಸೀರೆಗೆ ಹೆಚ್ಚಿನ ಬೆಲೆ ಕೊಡುವವರು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಬೋರ್ಡಿಗೆ ಸಂತೆಯ ದರ ಗೊತ್ತಿಲ್ಲ.

ನಾಲ್ಕನೆಯ ಪಂಥ: ಬೋರ್ಡೂ ನಮ್ಮದೇ ಇರಲಿ

ಇತರರು ಮಾಡಿದ ಬೋರ್ಡಿಗೆ ಪ್ರೋಗ್ರಾಂ ಬರೆದರೆ ಅದು ಅರ್ಧ ಸ್ವಾತಂತ್ರ್ಯ ಎಂದು ವಾದಿಸುವವರು ಇವರು. 2021ರಲ್ಲಿ ಚಿಪ್ಪಿನ ಬರ ಬಂದಾಗ ರಾಸ್ಪ್‌ಬೆರಿ ಪೈ ತನ್ನ ಇತಿಹಾಸದಲ್ಲೇ ಮೊದಲ ಸಲ ಬೆಲೆ ಏರಿಸಿತು. ಎಷ್ಟೋ ತಿಂಗಳು ಸಿಗಲೇ ಇಲ್ಲ. ಆಗ ಈ ಮಾತಿಗೆ ಬಲ ಬಂತು. ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರುಗಳು ಯಾರಿಗೂ ಲೈಸೆನ್ಸ್ ಹಣ ಕಟ್ಟಬೇಕಿಲ್ಲದ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಮೇಲೆ ನಿಂತಿವೆ. ಸಿಂಪ್ಯೂಟರಿನ ಹಠವನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆದರೆ ಸಿಂಪ್ಯೂಟರ್ ಕಲಿಸಿದ ಕಹಿಯನ್ನು ಅಷ್ಟು ಚೆನ್ನಾಗಿ ನುಂಗುವುದಿಲ್ಲ. ನಮ್ಮದು ಎಂಬ ಹೆಮ್ಮೆ ಒಂದೇ ಇದ್ದರೆ ಸಾಲದು. ಅಂಗಡಿಯಲ್ಲಿ ಸಿಗಬೇಕು, ಕೇಳಿದರೆ ಹೇಳಿಕೊಡುವ ನಾಲ್ಕು ಮಂದಿ ಊರಲ್ಲಿರಬೇಕು. ಆರ್ಡುಯಿನೋ ಗೆದ್ದದ್ದು ಅದರ 2 ಕಿಲೋಬೈಟ್ ನೆನಪಿನಿಂದಲ್ಲ, ಅದನ್ನು ಬಳಸಿ ಕೆಡಿಸಿ ಸರಿಮಾಡಿದವರ ನೆನಪಿನಿಂದ.

ಬೇಡವೆನ್ನುವವರ ಮಾತು

ಇಷ್ಟೆಲ್ಲ ಏಕೆ ಎಂದು ಕೇಳುವವರೂ ಇದ್ದಾರೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ಸೌರಶಕ್ತಿಯಲ್ಲಿ ನಡೆದು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನು ಮಾಡಿದರೆ ಮಳೆಯ ಸುದ್ದಿ ಸಿಗುತ್ತದೆ. ಇದರ ಮೇಲೆ ಮನೆಗೊಂದು ಮಾಪಕ ಏಕೆ? ಟ್ಯಾಂಕು ತುಂಬಿದಾಗ ಪಂಪು ನಿಲ್ಲಿಸಲು ತೇಲುಚೆಂಡಿನ ಸ್ವಿಚ್ಚು ಸಾಕು. ಅದಕ್ಕೆ ವೈ-ಫೈ ಏಕೆ? ಹಳೆಯ ಸ್ಮಾರ್ಟ್‌ಫೋನಿನಲ್ಲಿ ಪರದೆ, ಬ್ಯಾಟರಿ, ಕ್ಯಾಮೆರಾ, ಕನ್ನಡ ಎಲ್ಲ ಇರುವಾಗ ಹೊಸ ಬೋರ್ಡೇಕೆ?

ಈ ಪಂಥ ಸರಳತೆಯ ಪರ ನಿಂತಿದೆ. ನಾಲ್ಕು ವರ್ಷದ ಬಳಿಕ ಮೂಲೆ ಸೇರುವ ಬೋರ್ಡು, ಬ್ಯಾಟರಿಗಳ ಕಸದ ಲೆಕ್ಕವನ್ನು ಎತ್ತುವುದೂ ಇದೇ. ಆದರೆ ಪಂಚಾಯಿತಿಯ ಒಂದು ಮಾಪಕ ಊರಾಚೆಯ ಹೊಲದ ಮಳೆಯನ್ನು ಹೇಳಲಾರದು. ಮುಂಗಾರಿನಲ್ಲಿ ಒಂದು ಬದುವಿನ ಈಚೆ ಮಳೆ, ಆಚೆ ಬಿಸಿಲು ಎಂಬುದು ನಮ್ಮ ಕಡೆ ಗಾದೆಯಷ್ಟು ಹಳೆಯ ಅನುಭವ. ಮಳೆಯಾಧಾರಿತ ಬೆಳೆವಿಮೆಯ ಪರಿಹಾರ ಹತ್ತಿರದ ಅಧಿಕೃತ ಮಾಪಕದ ಮೇಲೆ ನಿಂತಾಗ ಈ ವ್ಯತ್ಯಾಸ ರೊಕ್ಕದ ಮಾತಾಗುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ರೈತ ತಾನೇ ಮಾಡಿದ ಮಾಪಕದ ಲೆಕ್ಕಕ್ಕೆ ವಿಮೆಯ ಮುಂದೆ, ಕಚೇರಿಯ ಮುಂದೆ ಬೆಲೆ ಇರಬೇಕೇ? ಇದ್ದರೆ ಅದನ್ನು ಒರೆಗೆ ಹಚ್ಚುವವರು ಯಾರು? ಹಳ್ಳಿಯ ಹುಡುಗರು ಕಟ್ಟಿದ ಪ್ರವಾಹದ ಗಂಟೆ ಸುಳ್ಳು ಬಾರಿಸಿದರೆ, ಅಥವಾ ಬಾರಿಸಬೇಕಾದಾಗ ಸುಮ್ಮನಿದ್ದರೆ, ಹೊಣೆ ಯಾರದು? ಪಂಪನ್ನು ಸುಲಭವಾಗಿ ಓಡಿಸುವ ಪೆಟ್ಟಿಗೆ ನೀರನ್ನು ಉಳಿಸುತ್ತದೆಯೋ, ಬೋರಿನ ತಳವನ್ನು ಬೇಗ ಕಾಣಿಸುತ್ತದೆಯೋ? ಶಾಲೆಯ ಲ್ಯಾಬಿನ ಯಶಸ್ಸನ್ನು ಪ್ರದರ್ಶನದ ದಿನ ಅಳೆಯಬೇಕೋ, ಐದು ವರ್ಷದ ಹಣ ಮುಗಿದ ಮರುವರ್ಷ ಅಳೆಯಬೇಕೋ?

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆರಂಭದ ಪ್ರಶ್ನೆಯೇ. ಹಳ್ಳಿಗಳಿಗೆ ಪಂಪ್‌ಸೆಟ್ಟು ಬಂದಾಗ ಮೋಟಾರಿನ ಒಳಗು ಯಾರಿಗೂ ಗೊತ್ತಿರಲಿಲ್ಲ. ಸುಡುತ್ತ ಸುಡುತ್ತ ಸಂತೆಪೇಟೆಯ ಸಾಲಿನಲ್ಲಿ ವೈಂಡಿಂಗ್ ಅಂಗಡಿಗಳು ಹುಟ್ಟಿದವು. ತಾಮ್ರದ ತಂತಿಯ ಸುತ್ತು ಎಣಿಸುವುದನ್ನು ಹುಡುಗರು ಅಲ್ಲಿ ಕೈಯಿಂದ ಕೈಗೆ ಕಲಿತರು. ಮೋಟಾರು ಈ ನೆಲದ್ದಾದದ್ದು ಆಗ. ಇವತ್ತು ಮೊಬೈಲ್ ಸ್ಟಾರ್ಟರ್ ಕೆಟ್ಟರೆ ಅದೇ ಅಂಗಡಿಗೆ ಹೋಗುತ್ತದೆ. ಮೇಸ್ತ್ರಿ ಡಬ್ಬಿ ತೆಗೆದು ನೋಡುತ್ತಾನೆ. ಬೋರ್ಡಿನ ಮೇಲೆ ಕರಿಯ ರಾಳ ಸುರಿದು ಮುಚ್ಚಿದ್ದರೆ ಅವನ ಕೈ ಅಲ್ಲಿಗೆ ನಿಲ್ಲುತ್ತದೆ: ‘ಇದು ಆಗೂದಿಲ್ಲರಿ, ಹೊಸಾದು ತರಸ್ರಿ.’ ಟಿಂಕರಿಂಗ್ ಲ್ಯಾಬಿನಲ್ಲಿ ಬಟ್ಟಲಿನ ತಿರುಪು ಹದ ಮಾಡಿದ ಹುಡುಗಿ ಮುಂದೆ ಆ ಅಂಗಡಿಯ ಬೆಂಚಿನ ಮೇಲೆ ಒಂದು ಸೋಲ್ಡರಿಂಗ್ ಕಡ್ಡಿ ಇಟ್ಟು ಕೂತಾಳೋ, ಬೆಂಗಳೂರಿನ ಬಸ್ಸು ಹತ್ತಿಯಾಳೋ? ಯಾವ ಪಂಥದ ಹತ್ತಿರವೂ ಇದಕ್ಕೆ ಉತ್ತರವಿಲ್ಲ.